ಒಂಟಿ ಶೂ ನಿಂತಿದ್ದ ಸಾಲು

ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು. ಯಾರಿಗೋ ಆಯಿತಂತೆ, ಎಲ್ಲೋ ಕೇಳಿದ್ದು, ಅಂಥ ಸುದ್ದಿಯಲ್ಲ. ಸ್ವಂತ ದೊಡ್ಡಪ್ಪನ ಸ್ವಂತ ಮಗಳು. ಎಲ್ಲರಿಗಿಂತ ದೊಡ್ಡವಳಾದ್ದರಿಂದ ಮನೆಮಂದಿಯೆಲ್ಲ ಅವಳನ್ನು ಅಕ್ಕ ಅನ್ನುತ್ತೇವೆ. ಇಲ್ಲಿಯೂ ಅಕ್ಕ ಅಂತಲೇ ಇರಲಿ.

ಆ ರಾತ್ರಿ ಅಕ್ಕ ಕೆಲಸ ಮುಗಿಸಿ ಹೊರಟಾಗ ಹೊತ್ತು ಮೀರಿತ್ತು. ಊರಿನ ನಟ್ಟನಡುವೆ ಇರುವ ದೊಡ್ಡ ಮಾಲ್‌ನಲ್ಲಿ ಅವಳು ಸ್ವಚ್ಛತೆಯ ಮೇಲ್ವಿಚಾರಕಿ. ಅಂದರೆ ಅವಳು ಗುಡಿಸುವುದಿಲ್ಲ, ಗುಡಿಸುವವರನ್ನು ನೋಡಿಕೊಳ್ಳುತ್ತಾಳೆ. ಆದರೆ ಯಾರಾದರೂ ರಜೆ ಹಾಕಿದರೆ ಪೊರಕೆ ಅವಳ ಕೈಗೇ ಬರುತ್ತದೆ. ದಿನಾ ಯಾರಾದರೊಬ್ಬರು ರಜೆ ಹಾಕಿಯೇ ಹಾಕುತ್ತಾರೆ. ಮುಂಬಾಗಿಲು ಮುಚ್ಚಿದ ಮೇಲೆ ಕೆಲಸದವರು ಹಿಂದಿನ ಗೇಟಿನಿಂದ ಹೋಗಬೇಕು. ಅಲ್ಲೊಂದು ಆಲದ ಮರ. ಮಾಲ್ ಕಟ್ಟುವಾಗ ಉಳಿದೆಲ್ಲ ಕಡಿದವರು ಇದೊಂದನ್ನು ಯಾಕೋ ಬಿಟ್ಟಿದ್ದರು. ಬಿಳಲುಗಳನ್ನೆಲ್ಲ ಕತ್ತರಿಸಿ, ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿ, ಕ್ಷೌರ ಮಾಡಿಸಿಕೊಂಡು ಬಂದ ಮುದುಕನ ಹಾಗೆ ನಿಲ್ಲಿಸಿದ್ದರು.

ಅಕ್ಕ ಮರದ ಹತ್ತಿರ ಬಂದಳು.

ಠಣ್.

ನಿಂತಳು. ಖಾಲಿ ಪಾತ್ರೆಯನ್ನು ಕಲ್ಲಿನ ಮೇಲೆ ಇಟ್ಟ ಸದ್ದು. ಅದು ಮರದಿಂದ ಬರಲಿಲ್ಲ, ರಸ್ತೆಯಿಂದಲೂ ಬರಲಿಲ್ಲ. ಕಾಲ ಕೆಳಗಿನಿಂದ ಬಂತು. ಅಲ್ಲಿ ಕಾಲ ಕೆಳಗೆ ಇರುವುದು ಬೇಸ್‌ಮೆಂಟು, ಕಾರು ನಿಲ್ಲಿಸುವ ನೆಲಮಾಳಿಗೆ. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರುವುದಿಲ್ಲ, ತೊಳೆಯುವವಳು ಇಳಿಯುವುದೂ ಬೆಳಗಿನ ಜಾವಕ್ಕೆ.

ಆಮೇಲೆ... ಸರ್ರ್... ಇಟ್ಟಿಗೆಯನ್ನು ಕಾಲಿನಿಂದ ಒಂದಿಷ್ಟು ಮುಂದೆ ತಳ್ಳಿದ ಹಾಗೆ.

ಆಮೇಲೆ ಪಿಸುದನಿ. ಹೆಂಗಸಿನದು.

"ಮುಟ್ಟಬೇಡ..."

ಬೇರೆಯವರಾಗಿದ್ದರೆ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದರು. ಅಕ್ಕನಿಗೆ ಬಂದದ್ದು ಭಯವಲ್ಲ, ಸಿಟ್ಟು. ಹಲ್ಲು ಕಚ್ಚಿಕೊಂಡು, "ಇವತ್ತೂ ಶುರುವಾಯ್ತಾ" ಅಂದುಕೊಂಡು ಮನೆಗೆ ನಡೆದಳು. ಅವಳಿಗೆ ಯಾಕಷ್ಟು ಸಿಟ್ಟು ಬಂತು ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಕೆಲವು ವಾರಗಳಿಂದ ಮಾಲ್‌ನ ಅಂಗಡಿಗಳಲ್ಲಿ ಸಾಮಾನು ಮಾಯವಾಗುತ್ತಿತ್ತು. ಬೀಗ ಹಾಕಿದ ಅಂಗಡಿಗಳಿಂದ. ಹೋಗುತ್ತಿದ್ದದ್ದಾದರೂ ಏನು? ಜೋಡಿಯಲ್ಲಿ ಒಂದು ಶೂ. ಬಟ್ಟೆ ಅಂಗಡಿಯ ಗೊಂಬೆಯ ಒಂದು ಕೈ. ಮುಚ್ಚಳ ಬಿಟ್ಟು ಬರೀ ಡಬ್ಬಿ. ಹಿಡಿ ಮುರಿದ ಬಾಣಲೆ, ಅದೂ ಮಾರುವುದಕ್ಕಲ್ಲ ಅಂತ ಮೂಲೆಗೆ ಎಸೆದದ್ದು. ಬೆಳಿಗ್ಗೆ ಎಲ್ಲವೂ ಬೇಸ್‌ಮೆಂಟಿನಲ್ಲಿ ಸಿಗುತ್ತಿದ್ದವು. ಚೆಲ್ಲಾಪಿಲ್ಲಿಯಾಗಿ ಅಲ್ಲ. ಒಂದರ ಹಿಂದೆ ಒಂದು, ನೂಲು ಹಿಡಿದ ಹಾಗೆ ಸಾಲಾಗಿ, ಒಂದು ಬೋಳು ಕಂಬದ ಕಡೆ ಮುಖ ಮಾಡಿಕೊಂಡು.

ಅವನ್ನು ಮೊದಲು ಕಂಡವಳು ಏಣಿ. ಏಣಿ ಅಂದರೆ ರಾತ್ರಿ ಪಾಳಿಯಲ್ಲಿ ಬೇಸ್‌ಮೆಂಟು ತೊಳೆಯುವ ಹೆಂಗಸು. ಎಷ್ಟು ಎತ್ತರ ಅಂದರೆ ಮೇಲಿನ ಗಾಜನ್ನೂ ನೆಲದ ಮೇಲೆ ನಿಂತೇ ಒರೆಸುತ್ತಾಳೆ, ಅದಕ್ಕೇ ಆ ಹೆಸರು. ಕಂಡದ್ದನ್ನು ಕಂಡ ಹಾಗೆ ಬಂದು ಹೇಳಿದಳು. ಅದೇ ಅವಳಿಗೆ ಮುಳುವಾಯಿತು.

ಅಕ್ಕ ಅಚ್ಚುಕಟ್ಟಿನ ಹೆಂಗಸು. ಯಾವ ವಸ್ತು ಎಲ್ಲಿರಬೇಕೋ ಅಲ್ಲೇ ಇರಬೇಕು. ದಿನಾ ಬೆಳಿಗ್ಗೆ ಸಾಲನ್ನು ಎತ್ತಿಸಿ, ಒಂದೊಂದನ್ನೂ ಒರೆಸಿ, ಆಯಾ ಅಂಗಡಿಗೆ ಕೊಟ್ಟು ಬರುತ್ತಿದ್ದಳು. ಮರುದಿನ ಮತ್ತೆ ಅದೇ ಶೂ, ಅದೇ ಕೈ, ಅದೇ ಬಾಣಲೆ. ಅದೇ ಸಾಲು. ಹಿಂದೆ ಇನ್ನೊಂದೆರಡು ಹೊಸ ಸಾಮಾನು. ಎತ್ತಿದಷ್ಟೂ ಉದ್ದವಾಗುತ್ತಿತ್ತು. ನೀವೇ ಹೇಳಿ, ಎಷ್ಟು ದಿನ ಅಂತ ತಾಳ್ಮೆ ಇರುತ್ತದೆ?

ರಾತ್ರಿ ಕಾವಲುಗಾರನನ್ನು ಕೇಳಿದರೆ ಅವನದು ಒಂದೇ ಮಾತು. "ನಾನು ರೆಪ್ಪೆ ಮುಚ್ಚಿಲ್ಲ ಮೇಡಂ."

"ರೆಪ್ಪೆ ಮುಚ್ಚಿಲ್ಲ, ಬಾಯಿ ತೆರೆದಿತ್ತು. ನಿನ್ನ ಗೊರಕೆ ಮೇಲಿನ ಮಹಡಿವರೆಗೂ ಕೇಳ್ತಿತ್ತು," ಅಂದಳು ಏಣಿ.

ಕ್ಯಾಮೆರಾ ನೋಡೋಣ ಅಂದರು. ನೋಡಿದರು. ಶೂ ಕಪಾಟಿನಲ್ಲಿದೆ... ಇದೆ... ಇದೆ... ಚಿತ್ರ ಒಂದು ಕ್ಷಣ ನಡುಗುತ್ತದೆ. ಶೂ ಇಲ್ಲ. ಬಾಗಿಲು ಮುಚ್ಚಿದಂತೆಯೇ ಇದೆ.

ಮ್ಯಾನೇಜರು ಅಕ್ಕನನ್ನು ಕರೆಸಿದ. ಅವನಿಗೆ ಆ ಹೊತ್ತಿನಲ್ಲಿ ಇನ್ನೊಂದು ತಲೆಬಿಸಿ. ಮಾಲ್‌ಗೆ ಹತ್ತು ವರ್ಷ ತುಂಬುತ್ತಿತ್ತು, ಸಮಾರಂಭಕ್ಕೆ ಮಾಲೀಕರೇ ಬರುವವರಿದ್ದರು. ಮುಂಬಾಗಿಲ ಒಳಗೆ 'ಈ ಜಾಗದ ಕಥೆ' ಅಂತ ಆಳೆತ್ತರದ ಫಲಕ ನಿಲ್ಲಿಸುತ್ತಿದ್ದರು. ಮೊದಲು ತರಕಾರಿ ಮಾರುಕಟ್ಟೆ, ಆಮೇಲೆ ಟಾಕೀಸು, ಟಾಕೀಸಿಗೆ ಬೀಗ ಬಿದ್ದ ಮೇಲೆ ಬರೀ ಬಯಲು, ಕೊನೆಗೆ ಮಾಲ್. ಎಲ್ಲದಕ್ಕೂ ಫೋಟೋ. ಮಾರುಕಟ್ಟೆಗೆ ಮೊದಲು ಏನಿತ್ತು ಅಂತ ಫಲಕದಲ್ಲಿ ಇರಲಿಲ್ಲ. ಏನೂ ಇರಲಿಲ್ಲ ಅನ್ನುವ ಹಾಗೆ.

"ಏನ್ರೀ ಇದು? ಒಂದು ಕಾಲಿನ ಶೂ ಕದಿಯೋ ಕಳ್ಳ ಎಲ್ಲಾದರೂ ಇದ್ದಾನಾ?" ಅಂದ ಮ್ಯಾನೇಜರು.

"ಅದನ್ನೇ ಸರ್ ನಾನೂ ಹೇಳ್ತಿರೋದು. ಕದ್ದವರು ಮನೆಗೆ ಒಯ್ತಾರೆ. ಸಾಲಾಗಿ ಜೋಡಿಸಿಟ್ಟು ಹೋಗ್ತಾರಾ?"

"ಬಚ್ಚಿಟ್ಟು ಆಮೇಲೆ ಒಯ್ಯೋಕೆ."

"ನಡು ನೆಲದಲ್ಲಿ ಬಚ್ಚಿಡ್ತಾರಾ ಸರ್?"

"ನನಗೆ ವಾದ ಬೇಡ. ರಾತ್ರಿ ಅಲ್ಲಿರೋಳು ನಿಮ್ಮ ಏಣಿ ಒಬ್ಬಳೇ. ಸಮಾರಂಭದ ಮುಂಚೆ ಇದು ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ಅವಳನ್ನ ಪೊಲೀಸಿಗೆ ಕೊಡ್ತೀನಿ. ಅಷ್ಟೇ."

"ಅವಳು ಕದ್ದಿಲ್ಲ ಸರ್."

"ಹಾಗಾದ್ರೆ ಕದ್ದೋರನ್ನ ಹಿಡ್ಕೊಡಿ."

ಇದು ಅಕ್ಕನ ಸಿಟ್ಟಿನ ಕಾರಣ. ಏಣಿ ಗಂಡ ಬಿಟ್ಟ ಹೆಂಗಸು, ಹೊಟ್ಟೆಪಾಡಿಗೆ ಇದೊಂದೇ ಕೆಲಸ. ಒಂದು ಸಲ ಕಳ್ಳಿ ಅನ್ನಿಸಿಕೊಂಡರೆ ಊರಿನಲ್ಲಿ ಯಾರೂ ಬಾಗಿಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವಳದು ತಪ್ಪಿಲ್ಲ ಅಂತ ಅಕ್ಕನಿಗೆ ಗೊತ್ತು. ಆದರೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ, ಯಾರಿಗೂ ಹೇಳಿ ಪ್ರಯೋಜನವಿಲ್ಲ.

ಈಗ ಆಲದ ಮರದ ರಾತ್ರಿಗೆ ವಾಪಸು ಬರೋಣ. ಅಕ್ಕ ಮನೆ ಮುಟ್ಟಿದಳು. ಗಂಡ ಮಲಗಿದ್ದ. ಅತ್ತೆ, ಅಂದರೆ ಗಂಡನ ತಾಯಿ, ಎಂದಿನ ಹಾಗೆ ನಿದ್ದೆ ಬಾರದೆ ಅಡುಗೆಮನೆಯಲ್ಲಿ ಕೂತಿದ್ದರು. ಅಕ್ಕ ತಟ್ಟೆ ಕುಕ್ಕಿ ಇಟ್ಟ ರಭಸಕ್ಕೇ ಅವರಿಗೆ ಗೊತ್ತಾಯಿತು.

"ತಟ್ಟೆ ಏನು ಮಾಡ್ತು ಪಾಪ? ಯಾರ ಮೇಲೆ ಕೋಪ?"

ಅಕ್ಕ ಎಲ್ಲ ಕಾರಿಕೊಂಡಳು. ಮ್ಯಾನೇಜರು, ಗೊರಕೆ, ಶೂ, ಬಾಣಲೆ, ಸಾಲು. ಅತ್ತೆ ಊಂ ಊಂ ಅನ್ನುತ್ತ ಕೇಳಿದರು. ಆಮೇಲೆ ಊಂ ಅನ್ನುವುದು ನಿಂತಿತು.

"ಸಾಲಿನ ನಡುವೆ," ಅಂದರು ಮೆಲ್ಲಗೆ, "ಒಂದು ಜಾಗ ಖಾಲಿ ಇರುತ್ತಾ?"

ಅಕ್ಕನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

ಇರುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗೊಂಬೆಯ ಕೈಗೂ ಬಾಣಲೆಗೂ ನಡುವೆ ಯಾವಾಗಲೂ ಒಂದು ಸಾಮಾನು ಹಿಡಿಯುವಷ್ಟು ಜಾಗ. ಒಂದು ಬೆಳಿಗ್ಗೆ ಏಣಿ ಸುಮ್ಮನೆ ಬಾಣಲೆಯನ್ನು ಮುಂದೆ ತಳ್ಳಿ ಅದನ್ನು ಮುಚ್ಚಿದ್ದಳು. ಪೊರಕೆ ತರಲು ಹೋಗಿ ಬರುವಷ್ಟರಲ್ಲಿ ಬಾಣಲೆ ಹಿಂದಕ್ಕೆ ಹೋಗಿತ್ತು.

"ನಿಮಗೆ ಹೇಗೆ ಗೊತ್ತತ್ತೆ?"

"ಅದು ನಮ್ಮನೆ ಜಾಗ."

"ನಿಮ್ಮ ತವರುಮನೆ ಹಳೇ ಮಾರುಕಟ್ಟೆ ಹತ್ತಿರ ಇತ್ತು ಅಂತಿದ್ರಲ್ಲ?"

"ಹತ್ತಿರ ಅಲ್ಲ ಕಣೇ. ಅಡಿಯಲ್ಲಿ."

ಆಮೇಲೆ ಅತ್ತೆ ಹೇಳಿದ್ದು ಇದು. ಮಾರುಕಟ್ಟೆ ಬರುವ ಮೊದಲು ಅಲ್ಲೊಂದು ಬೀದಿ. ಬೀದಿಗೆಲ್ಲ ಒಂದೇ ಬಾವಿ. ನಲ್ಲಿ ಹಾಕಿಸುತ್ತೇವೆ ಅಂತ ಮೇಲಿನವರು ಬಂದರು, ಬಾವಿಗೆ ಚಪ್ಪಡಿ ಮುಚ್ಚಿದರು, ನಲ್ಲಿ ನಿಲ್ಲಿಸಿದರು. ನೀರು ಬರಲಿಲ್ಲ. ಇವತ್ತು ರಾತ್ರಿ ಬರುತ್ತದೆ, ನಾಳೆ ರಾತ್ರಿ ಬರುತ್ತದೆ ಅನ್ನುತ್ತಿದ್ದರು. ರಾತ್ರಿಯಿಡೀ ನಿಂತಿರಲು ಯಾರಿಂದಾಗುತ್ತದೆ? ಅದಕ್ಕೆ ಒಬ್ಬೊಬ್ಬರೂ ತಮ್ಮ ಬದಲು ಏನಾದರೊಂದನ್ನು ಸಾಲಿನಲ್ಲಿ ಇಟ್ಟು ಹೋಗುತ್ತಿದ್ದರು. ಇಟ್ಟಿಗೆ, ಒಡಕು ಕೊಡ, ಸವೆದ ಒಂಟಿ ಚಪ್ಪಲಿ. ಒಳ್ಳೆಯದನ್ನು ಇಟ್ಟರೆ ಕಳ್ಳರ ಪಾಲು, ಅದಕ್ಕೆ ಕೆಲಸಕ್ಕೆ ಬಾರದ್ದೇ ಆಗಬೇಕು. ಆ ಒಂಟಿ ಚಪ್ಪಲಿ ಅಂದರೆ ಆ ಮನೆಯ ಹೆಂಗಸು ನಿಂತ ಹಾಗೆ.

"ಒಂದಿನ ಬೆಳಿಗ್ಗೆ ನೀರಿನ ಬದಲು ಲಾರಿ ಬಂತು," ಅಂದರು ಅತ್ತೆ. "ಸಾಮಾನು ಹತ್ತಿಸಿ ಅಂದ್ರು. ಊರಾಚೆ ಒಯ್ದು ಇಳಿಸಿದ್ರು. ಸಾಲು ಇಟ್ಟಲ್ಲೇ ಉಳೀತು. ಅದನ್ನ ಯಾರು ಎತ್ಕೊಳ್ತಾರೆ, ಮನೆಯೇ ಇಲ್ಲದ ಮೇಲೆ?"

"ಮತ್ತೆ... ನಿಮ್ಮ ಜಾಗ ಯಾಕೆ ಖಾಲಿ?"

ಅತ್ತೆ ಸೊಸೆಯ ಮುಖ ನೋಡಿದರು. "ನಮ್ಮ ಬೀದಿಯವರಲ್ಲಿ ಈಗ ಬದುಕಿರೋದು ನಾನೊಬ್ಬಳೇ."

ಅಕ್ಕ ತುತ್ತನ್ನು ತಟ್ಟೆಗೆ ಇಳಿಸಿದಳು.

"ನೀನು ದಿನಾ ಎತ್ತಿಡ್ತಿದ್ಯಾ ಅದನ್ನ?" ಅಂದರು ಆಮೇಲೆ, ಗದರಿಸಿ. "ಸಾಲಿನ ಸಾಮಾನು ಮುಟ್ಟೋದಾ, ಹುಚ್ಚಿ! ಅದಕ್ಕೆ ನಮ್ಮಲ್ಲಿ ಜುಟ್ಟು ಜುಟ್ಟು ಹಿಡಿದು ಹೊಡೆದಾಡಿದ್ದಾರೆ."

ಮರುದಿನ ಅಕ್ಕ ಸಾಲನ್ನು ಮುಟ್ಟಲಿಲ್ಲ. ಮುಟ್ಟಲು ಯಾರಿಗೂ ಬಿಡಲಿಲ್ಲ. ಇದರಿಂದ ಒಳ್ಳೆಯದಾಯಿತು ಅಂದುಕೊಳ್ಳಬೇಡಿ. ಶೂ ಅಂಗಡಿಯವನು ಬಂದು ಕೂಗಾಡಿದ. ಬಟ್ಟೆ ಅಂಗಡಿಯವಳು, "ನಮ್ಮ ಗೊಂಬೆ ಮೊಂಡುಗೈಯಲ್ಲಿ ನಿಂತಿದೆ, ನೋಡಿದೋರು ನಗ್ತಿದ್ದಾರೆ" ಅಂದಳು. ಮ್ಯಾನೇಜರು ಫೋನಿನಲ್ಲೇ ಹೇಳಿದ, ನಾಳೆ ಬೆಳಿಗ್ಗೆ ಪೊಲೀಸರು ಬರುತ್ತಾರೆ, ಏಣಿಯನ್ನು ಎಲ್ಲಿಗೂ ಕಳಿಸಬೇಡಿ.

ಅಂದರೆ ಉಳಿದದ್ದು ಆ ಒಂದು ರಾತ್ರಿ.

ಅಕ್ಕ ಮನೆಗೆ ಹೋಗಲಿಲ್ಲ. ಏಣಿಯ ಜತೆ ಬೇಸ್‌ಮೆಂಟಿಗೆ ಇಳಿದು, ನೆಲ ತೊಳೆಯುವ ನಲ್ಲಿಯ ಹತ್ತಿರ ಬಕೆಟ್ ಬೋರಲು ಹಾಕಿ ಕೂತಳು. ಅಲ್ಲಿನ ದೀಪಗಳ ವಿಷಯ ಹೇಳಬೇಕು. ಯಾರಾದರೂ ಓಡಾಡಿದರೆ ಮಾತ್ರ ಟಿಕ್ ಅಂತ ಹೊತ್ತಿಕೊಳ್ಳುವ ದೀಪಗಳು ಅವು. ಸುಮ್ಮನೆ ಕೂತರೆ ಸ್ವಲ್ಪ ಹೊತ್ತಿಗೆ ಆರಿಹೋಗುತ್ತವೆ. ಇಬ್ಬರೂ ಅಲ್ಲಾಡದೆ ಕೂತಿದ್ದರಿಂದ ಕತ್ತಲಾಯಿತು.

"ಅಕ್ಕ, ನಾನು ಜೈಲಿಗೆ ಹೋದ್ರೆ ಬಾಗಿಲು ಎತ್ತರ ಇರುತ್ತೋ ಇಲ್ವೋ," ಅಂದಳು ಏಣಿ.

"ಸುಮ್ಮನಿರು."

"ತಲೆ ಬಡಿಯುತ್ತಲ್ಲ ಅಂತ."

"ಸುಮ್ಮನಿರೇ!"

ಟಿಕ್.

ದೂರದಲ್ಲಿ, ಗೋಡೆಯ ಹತ್ತಿರದ ದೀಪ ಹೊತ್ತಿತು. ಕೆಳಗೆ ಯಾರೂ ಇಲ್ಲ.

ಟಿಕ್. ಅದರ ಈಚಿನದು.

ಟಿಕ್... ಟಿಕ್... ಒಂದೊಂದೇ ದೀಪ ಹೊತ್ತುತ್ತ ಬಂತು, ಸಾಲಿನವರೆಗೆ. ಏಣಿ ಅಕ್ಕನ ತೋಳು ಹಿಡಿದ ಹಿಡಿತಕ್ಕೆ ಉಗುರಿನ ಗುರುತು ಬಹಳ ದಿನ ಇತ್ತು. ಠಣ್. ಸರ್ರ್... ಬಟ್ಟೆ ಬಟ್ಟೆಗೆ ತಾಗಿದ ಸರಬರ. ಯಾರೋ ಆಕಳಿಸಿದರು.

"ಬಂತಾ?"

"ಇಲ್ಲ."

"ಇವತ್ತು ಬರುತ್ತಂತೆ."

"ನಿನ್ನೇನೂ ಹಾಗೇ ಅಂದ್ರು..."

ಅಷ್ಟೇ ಮಾತು. ಪಿಸುಪಿಸು, ದಣಿದ ದನಿ. ಆಮೇಲೆ ಮತ್ತೆ ಅದೇ, ಮೊದಲಿಂದ. ಬಂತಾ? ಇಲ್ಲ. ಇವತ್ತು ಬರುತ್ತಂತೆ.

ಅಕ್ಕನೇ ಹೇಳಿದ್ದು ಇದು, ಮೊದಲು ಭಯವೇ ಆಯಿತಂತೆ. ಆದರೆ ಅದೇ ಮಾತು ಮತ್ತೆ ಮತ್ತೆ ಕೇಳಿ ಕೇಳಿ, ಭಯದ ಅಡಿಯಿಂದ ಅವಳ ಹಳೇ ಸಿಟ್ಟು ಎದ್ದು ಬಂತು. ಎದ್ದು ನಿಂತೇಬಿಟ್ಟಳು.

"ಎಷ್ಟು ವರ್ಷ ಅಂತ ಕಾಯ್ತೀರ್ರೇ!" ಅಂತ ಕೂಗಿದಳು. "ಅಲ್ಲಿ ನಲ್ಲಿಯೇ ಇಲ್ಲ! ಯಾರು ನಿಮಗೆ ಬರುತ್ತೆ ಅಂದಿದ್ದು?"

ಪಿಸುಮಾತು ನಿಂತಿತು. ಎಲ್ಲರೂ ಇತ್ತ ತಿರುಗಿದ ಹಾಗೆ ಬಟ್ಟೆಗಳ ಸರಬರ.

ಒಂದು ದನಿ ಹೇಳಿತು, "ಅವರೇ ಅಂದಿದ್ದು."

ಮುಂದಿನದನ್ನು ಅಕ್ಕ ಯೋಚಿಸಿ ಮಾಡಲಿಲ್ಲ. ನೆಲ ತೊಳೆಯುವ ಪೈಪನ್ನು ಎಳೆದುಕೊಂಡು ಹೋಗಿ ಬೋಳು ಕಂಬದ ಬುಡದಲ್ಲಿ, ಸಾಲಿನ ತಲೆಯಲ್ಲಿ ಹಿಡಿದಳು. "ಬಿಡೇ!" ಅಂದಳು. ಏಣಿ ನಲ್ಲಿ ತಿರುಗಿಸಿದಳು. ಪೈಪು ಹಾವಿನ ಹಾಗೆ ಉಬ್ಬಿತು. ಬುಸ್ ಅಂತ ಮೊದಲು ಗಾಳಿ, ಆಮೇಲೆ ನೀರು.

ಡಣ್... ನೀರು ಖಾಲಿ ತಳಕ್ಕೆ ಬಿದ್ದ ಸದ್ದು. ಕಾಂಕ್ರೀಟಿಗೆ ಬಿದ್ದ ಸದ್ದಲ್ಲ. ಆಮೇಲೆ ಗಳಗಳ, ಆಮೇಲೆ ಗುಳುಗುಳು, ಸದ್ದು ದಪ್ಪವಾಗುತ್ತ ಕಂಠದವರೆಗೆ ಏರಿತು. ಹುಂ ಅಂತ ಯಾರೋ ಭಾರ ಎತ್ತಿದರು. ಟಿಕ್. ಗೋಡೆಯ ಕಡೆಗೆ ದೀಪ ಹೊತ್ತುತ್ತ ಹೋಯಿತು. ಅಕ್ಕ ಕೆಳಗೆ ನೋಡಿದಳು. ಎಲ್ಲಕ್ಕಿಂತ ಮುಂದಿದ್ದ ಶೂ ಇಲ್ಲ.

ಮತ್ತೆ ಡಣ್.

ಡಬ್ಬಿ ಹೋಯಿತು. ಗೊಂಬೆಯ ಕೈ ಹೋಯಿತು. ಆಮೇಲೆ ಎಲ್ಲ ನಿಂತಿತು. ನೀರು ಸುಮ್ಮನೆ ನೆಲಕ್ಕೆ ಬಿದ್ದು ಹರಿಯತೊಡಗಿತು. ಯಾರೂ ಮುಂದೆ ಬರಲಿಲ್ಲ. ಬಾಣಲೆ ಅಲ್ಲೇ ಇತ್ತು, ಅದರ ಮುಂದೆ ಖಾಲಿ ಜಾಗ.

"ಯಾರದು ಈಗ?" ಅಂತ ಹಿಂದಿನಿಂದ ಒಂದು ಬೇಸರದ ದನಿ.

ಅಕ್ಕನಿಗೆ ಆಗ ಹೊಳೆಯಿತು. ತನ್ನ ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದಳು, ಇದ್ದ ನೀರು ಚೆಲ್ಲಿದಳು, ಪೈಪಿನ ಕೆಳಗೆ ಹಿಡಿದಳು. "ನಮ್ಮ ಅತ್ತೇದು," ಅಂದಳು. ತುಂಬುವ ಹೊತ್ತಿಗೆ ಅವಳ ಬೆನ್ನಿನ ಹತ್ತಿರ, ತೀರ ಹತ್ತಿರ, ಯಾರೋ ಉಸಿರು ಬಿಟ್ಟರು. ತಣ್ಣಗಿತ್ತು. ಸಿಟ್ಟಿನ ಉಸಿರಲ್ಲ.

ಅವಳು ಪಕ್ಕಕ್ಕೆ ಸರಿದಳು. ಡಣ್... ಬಾಣಲೆ ಹೋಯಿತು. ಬೆಳಕು ಹರಿಯುವವರೆಗೂ ಹಾಗೇ.

ಬೆಳಿಗ್ಗೆ ಪೊಲೀಸರು ಬಂದರು. ಶೂ ಅಂಗಡಿ ತೆರೆದರೆ ಜೋಡಿ ಜೋಡಿಯಾಗಿ ಇತ್ತು. ಗೊಂಬೆಗೆ ಕೈ ಬಂದಿತ್ತು. ಬಾಣಲೆ ಅದರ ಮೂಲೆಗೆ. ಹೋದದ್ದೇ ಇಲ್ಲದ ಮೇಲೆ ಕಳ್ಳಿ ಎಲ್ಲಿಂದ? ಪೊಲೀಸರು ಮ್ಯಾನೇಜರನ್ನೇ ಗದರಿಸಿ ಹೋದರು. ಮ್ಯಾನೇಜರು ಮಾತ್ರ ಸಮಾರಂಭದಲ್ಲಿ ಮಾಲೀಕರ ಮುಂದೆ, "ನಾನು ಒಂದು ಸಲ ಬಿಗಿ ಮಾಡಿದೆ ಸರ್, ಎಲ್ಲ ನೆಟ್ಟಗಾಯ್ತು" ಅಂದ. ಅಕ್ಕನಿಗೆ ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಏಣಿ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಅದನ್ನು ನೋಡಿ ನುಂಗಿಕೊಂಡಳು.

ಬಾಟಲಿಯನ್ನು ಅತ್ತೆಗೆ ಕೊಟ್ಟಿದ್ದಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಸುಮಾರು ಹೊತ್ತು ಕೂತರು. ಕುಡಿಯಲಿಲ್ಲ. "ಅಮ್ಮ ಇದ್ದಿದ್ರೆ ಬಯ್ತಿದ್ಲು," ಅಂದರು, "ನೀರಿಗೆ ಅಂತ ಹೋದವಳು ಇಷ್ಟು ಹೊತ್ತಾ ಅಂತ."

ಅಂಗಡಿಗಳಿಂದ ಆಮೇಲೆ ಏನೂ ಹೋಗಿಲ್ಲ. ಅಕ್ಕ ಒಂದು ಪದ್ಧತಿ ಮಾಡಿಕೊಂಡಿದ್ದಾಳೆ, ರಾತ್ರಿ ಕೆಲಸ ಮುಗಿದ ಮೇಲೆ ಪೈಪಿನ ತುದಿಯನ್ನು ಆ ಕಂಬದ ಬುಡದಲ್ಲಿಟ್ಟು, ಸ್ವಲ್ಪ ಹೊತ್ತು ನಲ್ಲಿ ಬಿಟ್ಟು ನಿಲ್ಲಿಸುತ್ತಾಳೆ. ನೀರು ಪೋಲು ಮಾಡುತ್ತೀರಿ ಅಂತ ಅದಕ್ಕೂ ಒಂದು ನೋಟೀಸು ಬಂದಿದೆ. ಏನಂತ ಉತ್ತರ ಬರೆಯುವುದು? ಬರೆದಿಲ್ಲ.

ಇದನ್ನೆಲ್ಲ ಕಟ್ಟಿ ಹೇಳುವ ಜಾಣತನ ನಮ್ಮ ಅಕ್ಕನಿಗೆ ಇಲ್ಲ. ಅವಳಿಗೆ ಸುಳ್ಳು ಹೇಳಲು ಬಂದಿದ್ದರೆ ಮ್ಯಾನೇಜರಿಗೇ ಒಂದು ಹೇಳಿ ಅಂದೇ ಪಾರಾಗುತ್ತಿದ್ದಳು. ಇದು ನಡೆದದ್ದು. ಕಂಬದ ಬುಡ ಬೆಳಿಗ್ಗೆ ಒಣಗಿರುತ್ತದೆ. ಅಲ್ಲಿಂದ ಗೋಡೆಯ ಕಡೆಗೆ ಮಾತ್ರ ಹನಿಗಳು ಬಿದ್ದಿರುತ್ತವೆ, ತುಂಬಿದ ಕೊಡವನ್ನು ಸೊಂಟದ ಮೇಲೆ ಹೊತ್ತು ನಡೆದರೆ ತುಳುಕುತ್ತದಲ್ಲ, ಹಾಗೆ. ಹನಿಗಳು ಗೋಡೆ ಮುಟ್ಟಿ ನಿಲ್ಲುತ್ತವೆ. ಗೋಡೆಯಾಚೆ ಬಾಗಿಲಿಲ್ಲ, ದಾರಿಯಿಲ್ಲ, ಬರೀ ಮಣ್ಣು. ಬೇಕಾದರೆ ನೀವೇ ಒಂದು ದಿನ ಬೇಗ ಹೋಗಿ ನೋಡಿ. ಏಣಿ ಒರೆಸುವ ಮೊದಲು ಹೋಗಬೇಕು, ಅಷ್ಟೇ.